ಎರಡು ಸ್ಟೇಟ್ ಮಷೀನ್‌ಗಳ ನಡುವಿನ ತಂತಿ

ಕೆಲವು ವರ್ಷಗಳ ಹಿಂದೆ, ಒಂದು ಚಿಪ್ಪಿನ ಟೇಪ್-ಔಟ್‌ಗೆ, ಅಂದರೆ ವಿನ್ಯಾಸವನ್ನು ತಯಾರಿಕೆಗೆ ಕಳುಹಿಸುವ ದಿನಕ್ಕೆ, ಮೂರು ವಾರ ಉಳಿದಿದ್ದಾಗ, ನಾನೂ ನನ್ನ ಸಹೋದ್ಯೋಗಿಯೊಬ್ಬರೂ ಒಂದೇ ಪರದೆಯ ಮುಂದೆ ಕುಳಿತು ಒಂದು ವೇವ್‌ಫಾರ್ಮ್ (ತಂತಿಗಳ ಸಂಕೇತ ಕಾಲದೊಂದಿಗೆ ಏರಿಳಿಯುವುದನ್ನು ತೋರಿಸುವ ಗೆರೆಚಿತ್ರ) ನೋಡುತ್ತಿದ್ದೆವು. ನಾವು ಕಣ್ಣಿಟ್ಟಿದ್ದು ಒಂದೇ ಒಂದು ತಂತಿಯ ಮೇಲೆ. ಅವರು ಬರೆದ ಬ್ಲಾಕಿನಿಂದ ಹೊರಟು ನಾನು ಬರೆದ ಬ್ಲಾಕಿಗೆ ಬರುವ ತಂತಿ ಅದು. ಅದರ ಗೆರೆ ಎರಡು ಸೈಕಲ್‌ಗಳ, ಅಂದರೆ ಕ್ಲಾಕಿನ ಎರಡು ಬಡಿತಗಳ, ಕಾಲ ಮೇಲಿದ್ದು ಆಮೇಲೆ ಕೆಳಗಿಳಿಯುತ್ತಿತ್ತು. ಅವರ ಬ್ಲಾಕ್ ಕಳುಹಿಸಿದ್ದು ಒಂದು ಪಲ್ಸ್. ನನ್ನ ಬ್ಲಾಕ್ ಎಣಿಸಿದ್ದು ಎರಡು. ಹಿಂದಿನ ತಿಂಗಳು ಇಬ್ಬರೂ ನಮ್ಮ ನಮ್ಮ ಬ್ಲಾಕನ್ನು ಸ್ವಲ್ಪ ಚಿಕ್ಕದಾಗಿಸಿದ್ದೆವು. ಇಬ್ಬರೂ ಬದಲಾವಣೆಯನ್ನು ಕಾಗದದ ಮೇಲೆ ಲೆಕ್ಕ ಹಾಕಿ, ಸಿಮ್ಯುಲೇಶನ್‌ನಲ್ಲಿ ಪರೀಕ್ಷಿಸಿ, ಸರಿಯೆಂದು ಖಚಿತಪಡಿಸಿಕೊಂಡೇ ಸೇರಿಸಿದ್ದೆವು. ಅವರ ಲೆಕ್ಕ ಸರಿಯಾಗಿತ್ತು, ನನ್ನ ಲೆಕ್ಕವೂ ಸರಿಯಾಗಿತ್ತು. ಎರಡೂ ಒಟ್ಟಿಗೆ ಸೇರಿದಾಗ ಮಾತ್ರ ಚಿಪ್ ತಪ್ಪು ಮಾಡುತ್ತಿತ್ತು.

ಆ ದಿನದಿಂದ ಈ ವಿಷಯ ನನ್ನ ತಲೆಯಿಂದ ಹೋಗಿಲ್ಲ. ಕಾಲೇಜಿನಲ್ಲಿ ಸ್ಟೇಟ್ ಮಷೀನ್‌ಗಳನ್ನು, ಅಂದರೆ ಇನ್‌ಪುಟ್‌ಗೆ ತಕ್ಕಂತೆ ಕೆಲವೇ ಸ್ಥಿತಿಗಳ ನಡುವೆ ಸಾಗುವ ಯಂತ್ರಗಳನ್ನು, ಸ್ಥಿತಿಗಳನ್ನು ಕಡಿಮೆ ಮಾಡಿ ಚಿಕ್ಕದಾಗಿಸುವುದನ್ನು ಕಲಿಸುವಾಗ ಒಂದು ಯಂತ್ರವನ್ನು ಮಾತ್ರ ಎದುರಿಗಿಟ್ಟುಕೊಳ್ಳುತ್ತಾರೆ. ಅದಕ್ಕೆ ಯಾವ ಇನ್‌ಪುಟ್ ಬೇಕಾದರೂ ಯಾವಾಗ ಬೇಕಾದರೂ ಬರಬಹುದು, ಅದರ ಔಟ್‌ಪುಟ್ಟಿನ ಪ್ರತಿಯೊಂದು ಬಿಟ್ಟನ್ನೂ ಪ್ರತಿ ಸೈಕಲ್‌ನಲ್ಲೂ ಹೊರಗಿನಿಂದ ಯಾರೋ ಗಮನಿಸುತ್ತಿರುತ್ತಾರೆ ಎಂಬುದು ಅಲ್ಲಿ ಬಾಯಿಬಿಟ್ಟು ಹೇಳದ ಒಪ್ಪಂದ. ನಿಜವಾದ ಚಿಪ್ಪಿನಲ್ಲಿ ಇವೆರಡೂ ಸುಳ್ಳು. ಅಲ್ಲಿ ಯಂತ್ರದ ಸುತ್ತ ಇರುವುದು ಬೇರೆ ಯಂತ್ರಗಳು. ಅವು ಕೆಲವು ಮಾತುಗಳನ್ನು ಎಂದೂ ಆಡುವುದಿಲ್ಲ, ಕೆಲವು ಮಾತುಗಳನ್ನು ಕೇಳಿಸಿಕೊಳ್ಳುವುದೇ ಇಲ್ಲ. ಹೀಗಾಗಿ ನಿಜವಾದ ಉಳಿತಾಯ ಇರುವುದು ಯಂತ್ರಗಳ ನಡುವಿನ ಗಡಿಯಲ್ಲಿ, ನಿಜವಾದ ಅಪಾಯ ಇರುವುದೂ ಅಲ್ಲಿಯೇ.

ನಮ್ಮ ಆ ಜೋಡಿಯನ್ನೇ ಸರಳಗೊಳಿಸಿ ಇಲ್ಲಿ ಬಿಡಿಸುತ್ತೇನೆ. ಒಂದು ಚಾನೆಲ್‌ನಲ್ಲಿ ಬೈಟ್‌ಗಳು ಒಂದೊಂದಾಗಿ ಬರುತ್ತವೆ. ಮೊದಲ ಯಂತ್ರ ಒಂದು ಬೈಟ್ ಬಂದಾಗ ಒಂದು ತಂತಿಯ ಮೇಲೆ ಪಲ್ಸ್ ಕೊಟ್ಟು, ಆ ಬೈಟನ್ನು ಬಫರಿಗೆ ಇಳಿಸುತ್ತದೆ. ಎರಡನೆಯ ಯಂತ್ರ ಆ ಪಲ್ಸ್‌ಗಳನ್ನು ಎಣಿಸಿ, ಪ್ರತಿ ಎರಡನೆಯ ಪಲ್ಸ್‌ಗೆ 16 ಬಿಟ್‌ಗಳ ಪದವೊಂದು ತುಂಬಿತೆಂದು ಮುಂದಕ್ಕೆ ತಿಳಿಸುತ್ತದೆ. ವೆರಿಲಾಗ್ (ಚಿಪ್ ವಿನ್ಯಾಸ ಬರೆಯುವ ಭಾಷೆ) ಕೋಡಿನಲ್ಲಿ ಈ ಸಂಕೇತಗಳಿಗೆ ಬೇರೆ ಹೆಸರುಗಳಿದ್ದವು; ಇಲ್ಲಿ ನಡುವಿನ ತಂತಿಯನ್ನು ‘ಬಂತು’ ಎಂದೂ ಎರಡನೆಯ ಯಂತ್ರದ ಔಟ್‌ಪುಟ್ಟನ್ನು ‘ತುಂಬಿತು’ ಎಂದೂ ಕರೆಯುತ್ತೇನೆ.

ಕಳುಹಿಸುವ ಯಂತ್ರಕ್ಕೆ ನಾಲ್ಕು ಸ್ಥಿತಿಗಳು: ಕಾಯು, ಕೂಗು, ಇಳಿಸು, ಮುಗಿಸು. ಬೈಟ್ ಬರುವವರೆಗೆ ಅದು ‘ಕಾಯು’ವಿನಲ್ಲೇ ಇರುತ್ತದೆ, ಬಂದ ಮೇಲೆ ‘ಕೂಗು’, ಅಲ್ಲಿಂದ ‘ಇಳಿಸು’, ಅಲ್ಲಿಂದ ‘ಮುಗಿಸು’, ಮತ್ತೆ ‘ಕಾಯು’. ‘ಬಂತು’ ತಂತಿ ಮೇಲಿರುವುದು ‘ಕೂಗು’ ಸ್ಥಿತಿಯಲ್ಲಿ ಮಾತ್ರ. ಔಟ್‌ಪುಟ್ ಸ್ಥಿತಿಯೊಂದನ್ನೇ ಅವಲಂಬಿಸಿರುವ ಇಂಥ ಯಂತ್ರ, 1956ರಲ್ಲಿ ಎಡ್ವರ್ಡ್ ಮೂರ್ ವಿವರಿಸಿದ ಬಗೆಯದು.

ಎಣಿಸುವ ಯಂತ್ರ ನನ್ನದು. ಅದನ್ನು ಬರೆದಾಗ ನಾನು ಎಚ್ಚರಿಕೆಯಿಂದ ಬರೆದಿದ್ದೆ: ‘ಬಂತು’ ತಂತಿ ಎಷ್ಟು ಹೊತ್ತು ಮೇಲಿದ್ದರೂ ಅದನ್ನು ಒಂದೇ ಪಲ್ಸ್ ಎಂದು ಎಣಿಸಬೇಕು. ಹಾಗೆ ಮಾಡಬೇಕಾದರೆ ಯಂತ್ರ ಎರಡು ವಿಷಯ ನೆನಪಿಟ್ಟುಕೊಳ್ಳಬೇಕು. ಇಲ್ಲಿಯವರೆಗೆ ಬಂದ ಪಲ್ಸ್‌ಗಳು ಸಮವೋ ಬೆಸವೋ ಎಂಬುದು ಒಂದು, ಹಿಂದಿನ ಸೈಕಲ್‌ನಲ್ಲಿ ತಂತಿ ಮೇಲಿತ್ತೋ ಕೆಳಗಿತ್ತೋ ಎಂಬುದು ಇನ್ನೊಂದು. ಆದ್ದರಿಂದ ನಾಲ್ಕು ಸ್ಥಿತಿಗಳು: ಸಮ-ಕೆಳಗೆ, ಬೆಸ-ಮೇಲೆ, ಬೆಸ-ಕೆಳಗೆ, ಸಮ-ಮೇಲೆ. ಬೆಸ-ಕೆಳಗೆ ಇದ್ದಾಗ ತಂತಿ ಮೇಲೇರಿದರೆ, ಅದೇ ಸೈಕಲ್‌ನಲ್ಲಿ ‘ತುಂಬಿತು’ 1 ಆಗುತ್ತದೆ, ಸ್ಥಿತಿ ಸಮ-ಮೇಲೆಗೆ ಹೋಗುತ್ತದೆ. ಉಳಿದೆಲ್ಲ ಸಂದರ್ಭಗಳಲ್ಲಿ ‘ತುಂಬಿತು’ 0. ಔಟ್‌ಪುಟ್ ಹೀಗೆ ಸ್ಥಿತಿಯ ಜೊತೆಗೆ ಆ ಕ್ಷಣದ ಇನ್‌ಪುಟ್ಟನ್ನೂ ಅವಲಂಬಿಸಿದರೆ ಅದು ಜಾರ್ಜ್ ಮೀಲಿ 1955ರಲ್ಲಿ ಹೇಳಿದ ಬಗೆಯ ಯಂತ್ರ.

ಈ ಎಣಿಸುವ ಯಂತ್ರವನ್ನು ಒಂಟಿಯಾಗಿ ನೋಡಿದರೆ ಇನ್ನು ಚಿಕ್ಕದಾಗಿಸಲು ಸಾಧ್ಯವಿಲ್ಲ. ಎರಡು ಸ್ಥಿತಿಗಳನ್ನು ಒಂದುಗೂಡಿಸಬೇಕಾದರೆ ಯಾವ ಇನ್‌ಪುಟ್ ಸರಣಿ ಕೊಟ್ಟರೂ ಅವೆರಡರ ಔಟ್‌ಪುಟ್ ಒಂದೇ ಆಗಿರಬೇಕು. ಸಮ-ಕೆಳಗೆ ಮತ್ತು ಬೆಸ-ಕೆಳಗೆ ಒಂದೇ ಒಂದು 1 ಕೊಟ್ಟ ಕೂಡಲೇ ಬೇರೆಯಾಗುತ್ತವೆ. ಸಮ-ಕೆಳಗೆ ಮತ್ತು ಬೆಸ-ಮೇಲೆ ಬೇರೆಯಾಗಲು 01 ಎಂಬ ಸರಣಿ ಬೇಕು. ನನಗೆ ಹೆಚ್ಚು ಹಿಡಿಸುವುದು ಸಮ-ಕೆಳಗೆ ಮತ್ತು ಸಮ-ಮೇಲೆಯ ಜೋಡಿ: ಒಂದು ಬಿಟ್‌ನಿಂದಲೂ ಎರಡು ಬಿಟ್‌ಗಳಿಂದಲೂ ಅವುಗಳ ವ್ಯತ್ಯಾಸ ಕಾಣುವುದಿಲ್ಲ, 101 ಎಂಬ ಮೂರು ಬಿಟ್‌ಗಳ ಸರಣಿ ಕೊಟ್ಟಾಗ ಮಾತ್ರ ಕಾಣುತ್ತದೆ. ಬೇರೆಯಾಗಿರುವ ಎರಡು ಸ್ಥಿತಿಗಳನ್ನು ಬೇರ್ಪಡಿಸಲು, ಒಟ್ಟು ಸ್ಥಿತಿಗಳ ಸಂಖ್ಯೆಗಿಂತ ಒಂದು ಕಡಿಮೆ ಉದ್ದದ ಸರಣಿ ಸಾಕು ಎಂದು ಮೂರ್ ತೋರಿಸಿದ್ದರು. ನಾಲ್ಕು ಸ್ಥಿತಿಗಳಿಗೆ ಮೂರು, ಇಲ್ಲಿ ಆ ಮಿತಿಯನ್ನೇ ಮುಟ್ಟಿದ್ದೇವೆ. ಇಷ್ಟರ ಮಟ್ಟಿಗೆ ಸಮಸ್ಯೆ ಹಳೆಯದು, ಪೂರ್ತಿ ಬಗೆಹರಿದದ್ದು. ಎಲ್ಲ ಖಾನೆಗಳೂ ತುಂಬಿರುವ, ಅಂದರೆ ಪ್ರತಿ ಸ್ಥಿತಿಯಲ್ಲೂ ಪ್ರತಿ ಇನ್‌ಪುಟ್‌ಗೆ ಏನು ಮಾಡಬೇಕೆಂದು ಕೋಷ್ಟಕದಲ್ಲಿ ಬರೆದಿರುವ, ಯಂತ್ರವನ್ನು ಅತ್ಯಂತ ಚಿಕ್ಕದಾಗಿಸುವ ವೇಗದ ವಿಧಾನವನ್ನು ಹಾಪ್‌ಕ್ರಾಫ್ಟ್ 1971ರಲ್ಲೇ ಕೊಟ್ಟಿದ್ದಾರೆ.

ಈಗ ಮೊದಲ ಯಂತ್ರವನ್ನು ಪಕ್ಕಕ್ಕೆ ತರೋಣ. ‘ಕೂಗು’ವಿನ ನಂತರ ಅದು ‘ಇಳಿಸು’ವಿಗೇ ಹೋಗಬೇಕು, ಅಲ್ಲಿ ತಂತಿ ಕೆಳಗಿರುತ್ತದೆ. ಅಂದರೆ ಎರಡು 1ಗಳು ಒಂದರ ಹಿಂದೊಂದು ಎಂದೂ ಬರುವುದಿಲ್ಲ. ಬೆಸ-ಮೇಲೆ ಮತ್ತು ಸಮ-ಮೇಲೆ ಸ್ಥಿತಿಗಳಲ್ಲಿ ಇನ್‌ಪುಟ್ 1 ಬಂದರೆ ಏನು ಮಾಡಬೇಕೆಂದು ನಾನು ಬರೆದಿದ್ದ ಎರಡು ಸಾಲುಗಳು ಎಂದೂ ನಡೆಯದ ಸಂದರ್ಭಕ್ಕೆ ಬರೆದ ಸಾಲುಗಳು. ಸಮ-ಮೇಲೆಯನ್ನು ಸಮ-ಕೆಳಗೆಯಿಂದ ಬೇರ್ಪಡಿಸಿದ 101ರ ಮೊದಲ 1 ಕೂಡ, ಸಮ-ಮೇಲೆಗೆ ತಲುಪಿಸಿದ ಇನ್ನೊಂದು 1ರ ಬೆನ್ನಿಗೇ ಬರಬೇಕಾದದ್ದು, ಅದು ಬರುವುದಿಲ್ಲ. ಆ ಎರಡು ಸಾಲುಗಳನ್ನು ಖಾಲಿ ಬಿಟ್ಟು, ಅಂದರೆ ‘ಏನಾದರೂ ಆಗಲಿ’ ಎಂಬ ಡೋಂಟ್ ಕೇರ್ ಮಾಡಿ, ಮತ್ತೆ ನೋಡಿದರೆ ಸಮ-ಮೇಲೆಯು ಸಮ-ಕೆಳಗೆಯೊಳಗೆ, ಬೆಸ-ಮೇಲೆಯು ಬೆಸ-ಕೆಳಗೆಯೊಳಗೆ ಸುಮ್ಮನೆ ಸೇರಿಹೋಗುತ್ತವೆ. ನಾಲ್ಕು ಸ್ಥಿತಿ ಎರಡಾಯಿತು, ಎರಡು ಫ್ಲಿಪ್-ಫ್ಲಾಪ್ (ಒಂದು ಬಿಟ್ ನೆನಪಿಡುವ ಸರ್ಕ್ಯೂಟ್) ಒಂದಾಯಿತು. ಉಳಿದದ್ದು ಬರೀ ಸಮ ಮತ್ತು ಬೆಸ. ನಾನು ಮಾಡಿದ ಬದಲಾವಣೆ ಇಷ್ಟೇ.

ಕಣ್ಣಿಗೆ ಕಾಣುವಷ್ಟು ಸಣ್ಣ ಉದಾಹರಣೆಯಾದ್ದರಿಂದ ಇದು ಸುಲಭವೆನಿಸುತ್ತದೆ. ದೊಡ್ಡ ಯಂತ್ರಗಳಿಗೆ ಕ್ರಮಬದ್ಧ ದಾರಿ ಬೇಕು. ಅದನ್ನು 1972ರಲ್ಲಿ ಕಿಮ್ ಮತ್ತು ನ್ಯೂಬಾರ್ನ್ ತೋರಿಸಿದರು. ಕಳುಹಿಸುವ ಯಂತ್ರದ ಒಳಗಿನ ಸ್ಥಿತಿಯನ್ನು ಮರೆತು, ತಂತಿಯ ಮೇಲೆ ಬಂದದ್ದನ್ನು ಮಾತ್ರ ನೋಡುತ್ತಾ, ಅದು ಈಗ ಯಾವ ಯಾವ ಸ್ಥಿತಿಗಳಲ್ಲಿ ಇರಬಹುದೆಂಬ ಗುಂಪನ್ನು ಲೆಕ್ಕ ಹಾಕುತ್ತಾ ಹೋಗಬೇಕು. ನಮ್ಮ ಯಂತ್ರ ‘ಕಾಯು’ವಿನಿಂದ ಹೊರಟು 0 ಕಂಡರೆ, ಅದು ಈಗ ‘ಕಾಯು’ ಅಥವಾ ‘ಕೂಗು’ವಿನಲ್ಲಿದೆ. ಆ ಗುಂಪಿನಿಂದ 1 ಕಂಡರೆ ಅದು ಖಂಡಿತ ‘ಇಳಿಸು’ವಿನಲ್ಲಿದೆ. ಅಲ್ಲಿಂದ 1 ಕಾಣಲು ಸಾಧ್ಯವೇ ಇಲ್ಲ; ಗುಂಪು ಬರಿದಾಗುತ್ತದೆ. ಬರಿದಾಗುವ ಆ ಜಾಗವೇ ನಾವು ಹುಡುಕುತ್ತಿದ್ದ ಡೋಂಟ್ ಕೇರ್. ನಾಲ್ಕು ಸ್ಥಿತಿಗಳಿಗೆ ಬರಿದಲ್ಲದ 15 ಗುಂಪುಗಳು ಸಾಧ್ಯವಿದ್ದರೂ ಇಲ್ಲಿ ಹುಟ್ಟುವುದು ನಾಲ್ಕೇ. ಆ ನಾಲ್ಕನ್ನು ಎಣಿಸುವ ಯಂತ್ರದ ಜೊತೆ ಜೋಡಿಸಿದರೆ ಎಂಟು ಸ್ಥಿತಿಗಳ, ಅಲ್ಲಲ್ಲಿ ಖಾಲಿ ಖಾನೆಗಳಿರುವ ಒಂದು ಯಂತ್ರ ಸಿಗುತ್ತದೆ. ನಾಲ್ಕಿದ್ದದ್ದು ಮೊದಲು ಎಂಟಾಗಿ, ಆಮೇಲೆ ಎರಡಕ್ಕೆ ಇಳಿಯುತ್ತದೆ. ಇದನ್ನು ಮೊದಲ ಬಾರಿ ಕಾಗದದ ಮೇಲೆ ಮಾಡಿ ನೋಡಿದಾಗ ನನಗಾದ ಸಂತೋಷ ಇನ್ನೂ ನೆನಪಿದೆ: ಯಂತ್ರವನ್ನು ಕುಗ್ಗಿಸುವ ಮೊದಲು ಅದಕ್ಕೆ ಗೊತ್ತಿರುವುದನ್ನೆಲ್ಲ ಬಿಡಿಸಿ ಬರೆಯಬೇಕು, ಬರೆದ ಮೇಲೆ ಕುಗ್ಗುವುದು ತಾನಾಗಿ ಬರುತ್ತದೆ.

ಬೆಲೆಯೂ ಇಲ್ಲಿಯೇ ತೆರಬೇಕು. ಗುಂಪುಗಳ ಸಂಖ್ಯೆ ಅತಿ ಕೆಟ್ಟ ಸಂದರ್ಭದಲ್ಲಿ ಎರಡರ ಘಾತದಂತೆ ಬೆಳೆಯುತ್ತದೆ. ಖಾಲಿ ಖಾನೆಗಳಿರುವ ಯಂತ್ರವನ್ನು ಅತ್ಯಂತ ಚಿಕ್ಕದಾಗಿಸುವ ಸಮಸ್ಯೆಯಂತೂ, ಎಲ್ಲ ಖಾನೆಗಳೂ ತುಂಬಿರುವ ಯಂತ್ರದ ಸಮಸ್ಯೆಯಂತಲ್ಲದೆ, ಎನ್‌ಪಿ-ಕಂಪ್ಲೀಟ್ (ಎಲ್ಲ ಸಂದರ್ಭಕ್ಕೂ ವೇಗದ ವಿಧಾನ ಗೊತ್ತಿಲ್ಲದ ಬಗೆಯದು) ಎಂದು ಫ್ಲೀಗರ್ 1973ರಲ್ಲಿ ಸಾಧಿಸಿದರು. ಸ್ವಾತಂತ್ರ್ಯ ಹೆಚ್ಚಿದಷ್ಟೂ ಆಯ್ಕೆ ಕಷ್ಟವಾಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಕೇಳುವ ಯಂತ್ರದ ಕಡೆಯ ಲಾಭ. ಹೇಳುವ ಯಂತ್ರದ ಕಡೆಯಿಂದಲೂ ಅಷ್ಟೇ ಲಾಭವಿದೆ, ನನ್ನ ಅಭಿಪ್ರಾಯದಲ್ಲಿ ಅದು ಇನ್ನಷ್ಟು ಸೊಗಸಾದದ್ದು. ಕೇಳುವವರಿಗೆ ವ್ಯತ್ಯಾಸ ಗೊತ್ತಾಗದ ಎರಡು ಮಾತುಗಳಲ್ಲಿ ಯಾವುದನ್ನು ಬೇಕಾದರೂ ಹೇಳಬಹುದು. ನನ್ನ ಹಳೆಯ, ನಾಲ್ಕು ಸ್ಥಿತಿಗಳ ಎಣಿಸುವ ಯಂತ್ರವನ್ನು ನನ್ನ ಸಹೋದ್ಯೋಗಿಯ ಕಡೆಯಿಂದ ನೋಡಿ. ಅವರ ಯಂತ್ರ ಕೂಗು-ಇಳಿಸು-ಮುಗಿಸು ದಾಟುವಾಗ ತಂತಿಯ ಮೇಲೆ 1, 0, 0 ಕಳುಹಿಸುತ್ತದೆ. ಅದರ ಬದಲು 1, 1, 0 ಕಳುಹಿಸಿದರೆ? ನನ್ನ ಯಂತ್ರ ಸಮ-ಕೆಳಗೆಯಿಂದ ಹೊರಟು ಮೊದಲ ಸರಣಿಯಲ್ಲಿ ಬೆಸ-ಮೇಲೆ, ಬೆಸ-ಕೆಳಗೆ, ಬೆಸ-ಕೆಳಗೆ ಎಂದು ಹೋಗುತ್ತದೆ. ಎರಡನೆಯದರಲ್ಲಿ ಬೆಸ-ಮೇಲೆ, ಬೆಸ-ಮೇಲೆ, ಬೆಸ-ಕೆಳಗೆ ಎಂದು ಹೋಗುತ್ತದೆ. ತಲುಪುವ ಸ್ಥಿತಿ ಒಂದೇ, ದಾರಿಯುದ್ದಕ್ಕೂ ‘ತುಂಬಿತು’ ತಂತಿಯಲ್ಲಿ ಕಾಣುವುದೂ ಒಂದೇ. ಬೆಸ-ಕೆಳಗೆಯಿಂದ ಹೊರಟರೂ ಹಾಗೆಯೇ. ಆದ್ದರಿಂದ ‘ಇಳಿಸು’ ಸ್ಥಿತಿಯಲ್ಲಿ ‘ಬಂತು’ ತಂತಿ 0 ಆಗಿರಲಿ 1 ಆಗಿರಲಿ, ಹೊರಜಗತ್ತಿಗೆ ವ್ಯತ್ಯಾಸವಿಲ್ಲ.

ಅವರು ಆ ಸ್ವಾತಂತ್ರ್ಯವನ್ನು ಬಳಸಿಕೊಂಡ ರೀತಿ ನಿಜಕ್ಕೂ ಚೆನ್ನಾಗಿತ್ತು. ಕಾಯು 00, ಕೂಗು 10, ಇಳಿಸು 11, ಮುಗಿಸು 01 ಎಂದು ಸಂಕೇತ ಕೊಟ್ಟರೆ ಯಂತ್ರ ಒಂದು ಸುತ್ತು ಮುಗಿಸುವಾಗ ಪ್ರತಿ ಹೆಜ್ಜೆಯಲ್ಲೂ ಒಂದೇ ಬಿಟ್ ಬದಲಾಗುತ್ತದೆ. ‘ಬಂತು’ ತಂತಿ ‘ಕೂಗು’ವಿನಲ್ಲಿ ಮಾತ್ರ ಮೇಲಿರಬೇಕೆಂದರೆ ಎರಡೂ ಬಿಟ್‌ಗಳನ್ನು ನೋಡುವ ಒಂದು ಗೇಟ್ ಬೇಕು. ‘ಇಳಿಸು’ವಿನಲ್ಲೂ ಮೇಲಿರಬಹುದೆಂದರೆ ಗೇಟ್ ಬೇಕಿಲ್ಲ, ಮೊದಲ ಫ್ಲಿಪ್-ಫ್ಲಾಪಿನ ಔಟ್‌ಪುಟ್ಟೇ ‘ಬಂತು’ ತಂತಿ. ಫ್ಲಿಪ್-ಫ್ಲಾಪಿನಿಂದ ನೇರ ಹೊರಟ ತಂತಿಯಲ್ಲಿ ಗ್ಲಿಚ್ (ಕ್ಷಣಿಕ ತಪ್ಪು ಏರಿಳಿತ) ಇರುವುದಿಲ್ಲ, ಅದರ ಮುಂದಿರುವ ಲಾಜಿಕ್‌ಗೆ ಪೂರ್ತಿ ಸೈಕಲ್ ಸಿಗುತ್ತದೆ. ಸಂಕೇತಗಳು ಸೈಕಲ್‌ನೊಳಗೆ ತಲುಪುತ್ತವೆಯೇ ಎಂದು ಹೇಳುವ ಟೈಮಿಂಗ್ ವರದಿಯಲ್ಲಿ ಆ ದಾರಿ ಬಿಗಿಯಾಗಿದ್ದುದರಿಂದಲೇ ಅವರು ಅದಕ್ಕೆ ಕೈಹಾಕಿದ್ದರು.

ಮುಂದೇನಾಯಿತೆಂದು ಊಹಿಸಿರುತ್ತೀರಿ. ಎರಡು 1ಗಳು ಒಟ್ಟಿಗೆ ಬರುವುದಿಲ್ಲವೆಂದು ನಂಬಿ ನಾನು ‘ಮೇಲೆ’ ಸ್ಥಿತಿಗಳನ್ನು ತೆಗೆದೆ. ಎರಡು 1ಗಳನ್ನು ನನ್ನ ಯಂತ್ರ ಒಂದೆಂದೇ ಎಣಿಸುತ್ತದೆಂದು ನಂಬಿ ಅವರು ಎರಡನೆಯ 1 ಸೇರಿಸಿದರು. ನಾನು ಆಧಾರವಾಗಿಟ್ಟುಕೊಂಡದ್ದು ಅವರ ಹಳೆಯ ಯಂತ್ರವನ್ನು, ಅವರು ಆಧಾರವಾಗಿಟ್ಟುಕೊಂಡದ್ದು ನನ್ನ ಹಳೆಯ ಯಂತ್ರವನ್ನು. ಹೊಸ ಎರಡೂ ಸೇರಿದಾಗ ಒಂದು ಬೈಟ್ ಬಂದರೆ ಸಮ ಇದ್ದದ್ದು ಬೆಸವಾಗಿ, ಮರುಸೈಕಲ್‌ನಲ್ಲೇ ಮತ್ತೆ ಸಮವಾಗಿ, ‘ತುಂಬಿತು’ 1 ಆಗುತ್ತಿತ್ತು. ಪ್ರತಿ ಬೈಟಿಗೂ ಒಂದು ಪದ ತುಂಬಿತೆಂಬ ಘೋಷಣೆ. ಮೆಮೊರಿಗೆ ಎರಡು ಪಟ್ಟು ಪದಗಳು ಹೋಗುತ್ತಿದ್ದವು, ಪ್ರತಿಯೊಂದರ ಅರ್ಧವೂ ಕಸ. ನಮ್ಮ ನಮ್ಮ ಬ್ಲಾಕಿನ ಟೆಸ್ಟ್‌ಬೆಂಚ್‌ಗಳು (ಬ್ಲಾಕನ್ನು ಒಂಟಿಯಾಗಿ ಪರೀಕ್ಷಿಸುವ ಕೋಡ್) ಇದನ್ನು ಹಿಡಿಯಲಿಲ್ಲ, ಏಕೆಂದರೆ ಪ್ರತಿಯೊಂದು ಟೆಸ್ಟ್‌ಬೆಂಚಿನಲ್ಲೂ ಎದುರಿನ ಬ್ಲಾಕಿನ ಹಳೆಯ ನಡತೆಯೇ ಬರೆದಿತ್ತು. ಪೂರ್ತಿ ಚಿಪ್ಪಿನ ಪರೀಕ್ಷೆಯಲ್ಲಿ, ಮೆಮೊರಿಯಲ್ಲಿದ್ದದ್ದನ್ನು ಕಳುಹಿಸಿದ್ದರ ಜೊತೆ ಹೋಲಿಸಿದಾಗಲೇ ಅದು ಹೊರಬಿತ್ತು.

ಇದು ನಮ್ಮಿಬ್ಬರ ಅಜಾಗರೂಕತೆ ಮಾತ್ರವಲ್ಲ, ವಿಷಯದ ಒಳಗೇ ಇರುವ ತೊಡಕು. ಶ್ರೀನಿವಾಸ್ ದೇವದಾಸ್ 1991ರಲ್ಲಿ ಸಂವಾದಿಸುವ ಸ್ಟೇಟ್ ಮಷೀನ್‌ಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಈ ಎರಡೂ ಬಗೆಯ ಡೋಂಟ್ ಕೇರ್‌ಗಳನ್ನು, ಕೇಳುವ ಕಡೆಯದನ್ನೂ ಹೇಳುವ ಕಡೆಯದನ್ನೂ, ಬಳಸುವ ವಿಧಾನಗಳಿವೆ. ಅವನ್ನು ಬಳಸುವಾಗ ಪಾಲಿಸಲೇಬೇಕಾದ ಶಿಸ್ತು ಒಂದಿದೆ: ಒಂದು ಯಂತ್ರವನ್ನು ಬದಲಿಸಿದ ಮೇಲೆ, ಇನ್ನೊಂದರ ಡೋಂಟ್ ಕೇರ್‌ಗಳನ್ನು ಬದಲಾದ ಯಂತ್ರದಿಂದ ಹೊಸದಾಗಿ ಲೆಕ್ಕ ಹಾಕಬೇಕು. ಹಳೆಯ ಜೋಡಿಯಿಂದ ಎರಡೂ ಪಟ್ಟಿಗಳನ್ನು ಒಮ್ಮೆಲೇ ತೆಗೆದುಕೊಂಡು ಎರಡನ್ನೂ ಬಳಸುವಂತಿಲ್ಲ. ನಾನು ಮೊದಲು ಬದಲಿಸಿದ್ದರೆ ಅವರಿಗಿದ್ದ ಸ್ವಾತಂತ್ರ್ಯ ಮಾಯವಾಗುತ್ತಿತ್ತು. ಅವರು ಮೊದಲು ಬದಲಿಸಿದ್ದರೆ ನನ್ನದು ಮಾಯವಾಗುತ್ತಿತ್ತು. ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಸ್ವಾತಂತ್ರ್ಯ. ನಾವು ಅದನ್ನು ಎರಡು ಸಲ ಖರ್ಚು ಮಾಡಿದ್ದೆವು.

ಹಾಗಾದರೆ ಒಂದು ಯಂತ್ರಕ್ಕೆ, ಉಳಿದದ್ದೆಲ್ಲ ಇದ್ದ ಹಾಗೇ ಇರುವಾಗ, ಒಟ್ಟು ಎಷ್ಟು ಸ್ವಾತಂತ್ರ್ಯವಿದೆ? ಖಾಲಿ ಖಾನೆಗಳ ಪಟ್ಟಿಯೊಂದರಿಂದ ಇದಕ್ಕೆ ಪೂರ್ಣ ಉತ್ತರ ಸಿಗುವುದಿಲ್ಲ. ಕೆಲವೊಮ್ಮೆ ಸ್ವಾತಂತ್ರ್ಯ ಇರುವುದು ‘ಈಗ 1 ಹೇಳಿದರೆ ಮುಂದೆ 0 ಹೇಳಬೇಕು, ಈಗ 0 ಹೇಳಿದರೆ ಮುಂದೆ ಏನು ಬೇಕಾದರೂ ಹೇಳಬಹುದು’ ಎಂಬಂಥ ಷರತ್ತಿನ ರೂಪದಲ್ಲಿ. ವಾತಾನಬೆ ಮತ್ತು ಬ್ರೇಟನ್ 1993ರಲ್ಲಿ, ಒಪ್ಪಬಹುದಾದ ಎಲ್ಲ ನಡತೆಗಳನ್ನೂ ಒಂದೇ ಒಂದು ಅನಿಶ್ಚಿತ ಯಂತ್ರದಲ್ಲಿ (ಒಂದೇ ಇನ್‌ಪುಟ್‌ಗೆ ಹಲವು ದಾರಿಗಳನ್ನು ಒಪ್ಪುವಂಥದ್ದು) ಹಿಡಿದಿಡಬಹುದೆಂದು ತೋರಿಸಿ, ಅದನ್ನು ಇ-ಮಷೀನ್ ಎಂದು ಕರೆದರು. ಆ ಯಂತ್ರದೊಳಗೆ ಅಡಗುವ ಯಾವ ನಡತೆಯನ್ನು ಆರಿಸಿಕೊಂಡರೂ ಇಡೀ ವ್ಯವಸ್ಥೆ ಸರಿಯಾಗಿಯೇ ಇರುತ್ತದೆ. ಇದನ್ನು ನಾನು ಕೆಲಸದಲ್ಲಿ ನೇರವಾಗಿ ಬಳಸಿಲ್ಲ, ಆದರೆ ಸಮಸ್ಯೆಯ ಆಕಾರವನ್ನು ಇಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟ ವಿಚಾರ ನನಗೆ ಇನ್ನೊಂದಿಲ್ಲ.

ಇಷ್ಟೆಲ್ಲ ಗೊತ್ತಿರುವಾಗ, ಕೋಡನ್ನು ಗೇಟ್‌ಗಳಾಗಿ ಮಾರ್ಪಡಿಸುವ ಸಿಂಥೆಸಿಸ್ ಉಪಕರಣವೇ ಇದನ್ನೇಕೆ ಮಾಡುವುದಿಲ್ಲ ಎಂದು ಹೊಸಬರು ಕೇಳುತ್ತಾರೆ. ಬರ್ಕ್ಲಿಯಿಂದ 1992ರಲ್ಲಿ ಬಂದ ಎಸ್‌ಐಎಸ್ ವ್ಯವಸ್ಥೆಯಲ್ಲಿ ಸ್ಥಿತಿಗಳನ್ನು ಕಡಿಮೆ ಮಾಡಲು ಸ್ಟ್ಯಾಮಿನಾ, ಸ್ಥಿತಿಗಳಿಗೆ ಸಂಕೇತ ಕೊಡಲು ನೋವಾ ಮತ್ತು ಜೆಡಿ ಎಂಬ ಪ್ರೋಗ್ರಾಮ್‌ಗಳಿದ್ದವು. ನಾನು ದಿನನಿತ್ಯ ಬಳಸುವ ಉಪಕರಣಗಳು ಒಂದು ಮಾಡ್ಯೂಲಿನೊಳಗಿನ ಸ್ಟೇಟ್ ಮಷೀನನ್ನು ಗುರುತಿಸಿ ಅದರ ಸಂಕೇತಗಳನ್ನು ಬದಲಿಸುತ್ತವೆ, ಆದರೆ ಮಾಡ್ಯೂಲ್ ದಾಟಿ ಹೋಗಿ ಸ್ಥಿತಿಗಳನ್ನು ಒಂದುಗೂಡಿಸುವುದಿಲ್ಲ. ಅದಕ್ಕೆ ಮುಖ್ಯ ಕಾರಣ ಲೆಕ್ಕದ ಕಷ್ಟಕ್ಕಿಂತ ಪರಿಶೀಲನೆಯ ರೀತಿಯೇ ಎಂದು ನನ್ನ ಅನಿಸಿಕೆ. ಆರ್‌ಟಿಎಲ್ ಕೋಡೂ (ನಾವು ಬರೆದ ಮೂಲ ವಿವರಣೆ) ಗೇಟ್‌ಗಳ ನೆಟ್‌ಲಿಸ್ಟೂ (ಅದರಿಂದ ಹುಟ್ಟಿದ ಗೇಟ್ ಮತ್ತು ತಂತಿಗಳ ಪಟ್ಟಿ) ಒಂದೇ ಎಂದು ಸಾಧಿಸುವಾಗ ನಾವು ಎರಡೂ ಕಡೆಯ ಫ್ಲಿಪ್-ಫ್ಲಾಪ್‌ಗಳನ್ನು ಒಂದಕ್ಕೊಂದು ಹೊಂದಿಸಿ, ಅವುಗಳ ನಡುವಿನ ಲಾಜಿಕ್ ಸಮಾನವೇ ಎಂದು ನೋಡುತ್ತೇವೆ. ಉಪಕರಣ ತಾನಾಗಿ ಎರಡು ಫ್ಲಿಪ್-ಫ್ಲಾಪ್‌ಗಳನ್ನು ಒಂದು ಮಾಡಿಬಿಟ್ಟರೆ ಹೊಂದಿಸಲು ಜೋಡಿಯೇ ಇರುವುದಿಲ್ಲ. ಹಾಗಾಗಿ ಈ ಕೆಲಸ ಇಂದಿಗೂ ಕೋಡ್ ಬರೆಯುವವರ ಕೈಯಲ್ಲೇ ಉಳಿದಿದೆ, ಬಹಳ ಮಟ್ಟಿಗೆ ಅವರ ತಲೆಯೊಳಗೇ ನಡೆಯುತ್ತದೆ.

ತಲೆಯೊಳಗೆ ನಡೆಯುವುದೇ ತೊಂದರೆ. ಒಂದು ಫ್ಲಿಪ್-ಫ್ಲಾಪ್ ಉಳಿಸಲು ಇಷ್ಟು ಕಷ್ಟಪಡಬೇಕೇ ಎಂದು ಯಾರಾದರೂ ಕೇಳಿದರೆ, ಒಂದಕ್ಕಾಗಿ ಬೇಡ ಎಂದೇ ನನ್ನ ಉತ್ತರ. ಸ್ಥಿತಿಗಳು ಕಡಿಮೆಯಾದ ಮಾತ್ರಕ್ಕೆ ಗೇಟ್‌ಗಳು ಕಡಿಮೆಯಾಗಬೇಕೆಂದೂ ಇಲ್ಲ; ಎಫ್‌ಪಿಜಿಎದಲ್ಲಿ (ತಯಾರಾದ ಮೇಲೂ ಬೇಕಾದಂತೆ ಜೋಡಿಸಿಕೊಳ್ಳಬಹುದಾದ ಚಿಪ್) ಫ್ಲಿಪ್-ಫ್ಲಾಪ್‌ಗಳು ಹೇರಳವಾಗಿರುವುದರಿಂದ ಪ್ರತಿ ಸ್ಥಿತಿಗೂ ಒಂದೊಂದು ಕೊಡುವ ಒನ್-ಹಾಟ್ ಸಂಕೇತವೇ ಹಲವು ಸಲ ಉತ್ತಮ. ಆದರೆ ನಮ್ಮ ಚಿಪ್ಪಿನಲ್ಲಿ ಆ ಜೋಡಿ 32 ಚಾನೆಲ್‌ಗಳಲ್ಲಿ 32 ಸಲ ಇತ್ತು, ಮತ್ತು ಆ ಬ್ಲಾಕಿನ ಕ್ಲಾಕ್ ಎಂದೂ ನಿಲ್ಲುತ್ತಿರಲಿಲ್ಲ, ಅಂದರೆ ಪ್ರತಿ ಫ್ಲಿಪ್-ಫ್ಲಾಪೂ ಸದಾ ವಿದ್ಯುತ್ ಬಳಸುತ್ತಿತ್ತು. ಪರಿಶೀಲನೆಯ ಲಾಭ ಇದಕ್ಕಿಂತ ದೊಡ್ಡದು. ಹಳೆಯ ಜೋಡಿಯಲ್ಲಿ ಎರಡು ಯಂತ್ರಗಳ ಸ್ಥಿತಿಗಳನ್ನು ಸೇರಿಸಿ ನೋಡಿದರೆ 16 ಜೋಡಿಸ್ಥಿತಿಗಳು. ಅವುಗಳಲ್ಲಿ ನಿಜವಾಗಿ ತಲುಪಬಹುದಾದವು ಎಂಟು. ನನ್ನ ಎರಡು ಸ್ಥಿತಿಗಳ ಯಂತ್ರ ಬಂದ ಮೇಲೆ ಜೋಡಿಸ್ಥಿತಿಗಳೇ ಎಂಟು, ಎಂಟನ್ನೂ ತಲುಪಬಹುದು. ಪರೀಕ್ಷೆಗಳು ಏನೇನನ್ನು ಮುಟ್ಟಿದವೆಂದು ತೋರಿಸುವ ಕವರೇಜ್ ವರದಿಯಲ್ಲಿ ಎಂದೂ ತುಂಬದ ಖಾನೆಗಳ ಮುಂದೆ ‘ಇದು ಏಕೆ ತುಂಬಲಿಲ್ಲ’ ಎಂದು ವಿವರಣೆ ಬರೆಯುತ್ತಾ ಕುಳಿತವರಿಗೆ ಇದರ ಬೆಲೆ ಗೊತ್ತು.

ತಲುಪಬಹುದಾದ ಸ್ಥಿತಿಗಳನ್ನು ಕಂಡುಹಿಡಿಯುವುದೇ ಒಂದು ಕಾಲದಲ್ಲಿ ಅಡ್ಡಿಯಾಗಿತ್ತು. ಬ್ರಯಂಟ್ 1986ರಲ್ಲಿ ಪ್ರಚಾರಕ್ಕೆ ತಂದ ಬಿಡಿಡಿ ಎಂಬ, ತರ್ಕಸೂತ್ರಗಳನ್ನು ಕವಲುಚಿತ್ರವಾಗಿ ಅಡಕವಾಗಿ ಹಿಡಿಯುವ ರಚನೆಯನ್ನು ಬಳಸಿ, ಸ್ಥಿತಿಗಳನ್ನು ಒಂದೊಂದಾಗಿ ಎಣಿಸದೆ ಗುಂಪುಗುಂಪಾಗಿ ಮುಂದೆ ಸಾಗಿಸುವುದನ್ನು ಕುಡೇರ್, ಬರ್ತೆ ಮತ್ತು ಮಾದ್ರ್ 1989ರಲ್ಲಿ ತೋರಿಸಿದ ಮೇಲೆ ಚಿತ್ರ ಬದಲಾಯಿತು. ವಿನ್ಯಾಸ ಸರಿಯೆಂದು ಗಣಿತದಿಂದ ಸಾಧಿಸುವ ಇಂದಿನ ಫಾರ್ಮಲ್ ವೆರಿಫಿಕೇಶನ್ ಉಪಕರಣಕ್ಕೆ ನಮ್ಮಂಥ ಜೋಡಿ ಲೆಕ್ಕಕ್ಕೇ ಇಲ್ಲದಷ್ಟು ಸಣ್ಣದು. ಅಂದರೆ ನಮಗೆ ಬೇಕಿದ್ದ ಸಾಧನ ನಮ್ಮ ಮೇಜಿನ ಮೇಲೇ ಇತ್ತು. ನಮ್ಮ ನಂಬಿಕೆಯನ್ನು ಅದಕ್ಕೆ ಅರ್ಥವಾಗುವ ಹಾಗೆ ಬರೆದಿಟ್ಟಿರಲಿಲ್ಲ, ಅಷ್ಟೇ.

ಈಗ ಬರೆಯುತ್ತೇನೆ. ನೆರೆಯ ಯಂತ್ರದ ನಡತೆಯನ್ನು ನಂಬಿ ಒಂದು ಸ್ಥಿತಿ ತೆಗೆದರೆ, ಆ ಸ್ಥಿತಿ ಇದ್ದ ಜಾಗದಲ್ಲೇ ಒಂದು ಅಸರ್ಷನ್ (ಸದಾ ನಿಜವಾಗಿರಬೇಕಾದ ಮಾತು, ಮುರಿದರೆ ಉಪಕರಣ ದೂರುತ್ತದೆ) ಇಡುತ್ತೇನೆ: ಈ ಸೈಕಲ್‌ನಲ್ಲಿ ‘ಬಂತು’ ಮೇಲಿದ್ದರೆ ಮುಂದಿನ ಸೈಕಲ್‌ನಲ್ಲಿ ಅದು ಕೆಳಗಿರಲೇಬೇಕು. ಸಿಸ್ಟಮ್‌ವೆರಿಲಾಗ್‌ನಲ್ಲಿ ಇದು ಒಂದೇ ಸಾಲು. ನನ್ನ ಬ್ಲಾಕನ್ನು ಒಂಟಿಯಾಗಿ ಪರೀಕ್ಷಿಸುವಾಗ ಆ ಸಾಲು ಊಹೆಯಾಗಿರುತ್ತದೆ, ಅವರ ಬ್ಲಾಕನ್ನು ಪರೀಕ್ಷಿಸುವಾಗ ಅದೇ ಸಾಲು ಅವರು ಸಾಧಿಸಿ ತೋರಿಸಬೇಕಾದ ಹೊಣೆಯಾಗುತ್ತದೆ. ಆ ದಿನ ಆ ಸಾಲು ಇದ್ದಿದ್ದರೆ ಅವರು ಎರಡನೆಯ 1 ಸೇರಿಸಿದ ಸಂಜೆಯೇ ಅವರ ಪರೀಕ್ಷೆ ಕೆಂಪಾಗುತ್ತಿತ್ತು. ತಂತಿಗಳು ಎರಡೂ ದಿಕ್ಕಿಗೆ ಇರುವಾಗ ಇನ್ನೊಂದು ಎಚ್ಚರ ಬೇಕು. ನಾನು ನಿಮ್ಮ ಮಾತನ್ನು ನಂಬಿ ನನ್ನದನ್ನು ಸಾಧಿಸಿ, ನೀವು ನನ್ನ ಮಾತನ್ನು ನಂಬಿ ನಿಮ್ಮದನ್ನು ಸಾಧಿಸಿದರೆ ವಾದ ವೃತ್ತಾಕಾರವಾಗುತ್ತದೆ. ಪ್ರತಿಯೊಬ್ಬರೂ ಈ ಸೈಕಲ್‌ನ ತಮ್ಮ ಮಾತಿಗೆ ಇನ್ನೊಬ್ಬರ ಹಿಂದಿನ ಸೈಕಲ್‌ವರೆಗಿನ ಮಾತನ್ನು ಮಾತ್ರ ಆಧಾರವಾಗಿಟ್ಟುಕೊಂಡರೆ ಅದು ಕಾಲದ ಮೇಲಿನ ಗಣಿತೀಯ ಅನುಗಮನವಾಗಿ ನಿಲ್ಲುತ್ತದೆ. ಅದೇ ಸೈಕಲ್‌ನ ಮಾತನ್ನು ಪರಸ್ಪರ ಆಧಾರವಾಗಿಸಿಕೊಂಡರೆ ಕುಸಿಯುತ್ತದೆ. ಎರಡೂ ಯಂತ್ರಗಳು ಮೀಲಿ ಬಗೆಯವಾಗಿದ್ದು ಎರಡೂ ಕಡೆಗೆ ತಂತಿಗಳಿದ್ದರೆ, ಫ್ಲಿಪ್-ಫ್ಲಾಪ್ ಇಲ್ಲದ ಲಾಜಿಕ್ ಕುಣಿಕೆಯೇ ಹುಟ್ಟಿಕೊಳ್ಳಬಹುದು.

ಆ ಮೂರು ವಾರಗಳಲ್ಲಿ ನಾವು ಒಂದು ಬದಲಾವಣೆಯನ್ನು ಹಿಂದೆ ತೆಗೆದುಕೊಳ್ಳಲೇಬೇಕಿತ್ತು. ನನ್ನದರಿಂದ ಚಾನೆಲಿಗೊಂದು ಫ್ಲಿಪ್-ಫ್ಲಾಪ್ ಉಳಿಯುತ್ತಿತ್ತು, ಅವರದರಿಂದ ಒಂದು ಗೇಟ್. ಅವರ ಟೈಮಿಂಗ್ ತೊಂದರೆಗೆ ಬೇರೆ ದಾರಿ ಸಿಕ್ಕಿತು, ಹಾಗಾಗಿ ಅವರದನ್ನು ತೆಗೆದೆವು. ಸರಿಯಾದ ಕಾರಣ ನಮಗೆ ಗೊತ್ತಾದದ್ದು ಆಮೇಲೆ, ರಿಸೆಟ್‌ಗಳನ್ನು ಪರಿಶೀಲಿಸುವಾಗ. ಸಾಫ್ಟ್‌ವೇರ್ ಎಣಿಸುವ ಯಂತ್ರವನ್ನು ಮಾತ್ರ ಬೇರೆಯಾಗಿ ರಿಸೆಟ್ ಮಾಡಬಹುದಿತ್ತು. ಕಳುಹಿಸುವ ಯಂತ್ರ ‘ಕೂಗು’ವಿನಲ್ಲಿರುವಾಗ ಆ ರಿಸೆಟ್ ಬಂದರೆ ಎಣಿಸುವ ಯಂತ್ರ ಬೆಸ-ಮೇಲೆಗೆ ಹೋಗುವ ಬದಲು ಸಮ-ಕೆಳಗೆಗೆ ಬೀಳುತ್ತದೆ, ಕಳುಹಿಸುವ ಯಂತ್ರ ಎಂದಿನಂತೆ ‘ಇಳಿಸು’ವಿಗೆ ಹೋಗುತ್ತದೆ. ‘ಇಳಿಸು’ ಮತ್ತು ಸಮ-ಕೆಳಗೆ ಒಟ್ಟಿಗೆ ಇರುವುದು, ಎರಡೂ ಒಟ್ಟಿಗೆ ರಿಸೆಟ್ ಆಗುವ ಹಳೆಯ ಲೆಕ್ಕದ ಎಂಟು ಜೋಡಿಗಳಲ್ಲಿ ಇರಲೇ ಇಲ್ಲ. ಆ ಜೋಡಿಯಲ್ಲಿ ತಂತಿ 0 ಇದ್ದರೆ ಏನೂ ಆಗುವುದಿಲ್ಲ. ಅವರು ಸೇರಿಸಿದ್ದ ಎರಡನೆಯ 1 ಇದ್ದರೆ, ರಿಸೆಟ್‌ಗೆ ಮೊದಲೇ ಬಂದಿದ್ದ ಬೈಟ್ ಹೊಸದಾಗಿ ಎಣಿಕೆಗೆ ಸಿಗುತ್ತದೆ, ಅಲ್ಲಿಂದ ಮುಂದಿನ ಪ್ರತಿ ಪದವೂ ಒಂದು ಬೈಟ್ ಜರುಗಿರುತ್ತದೆ. ಅವರ ಸ್ವಾತಂತ್ರ್ಯ ನಿಂತಿದ್ದದ್ದು ನನ್ನ ಯಂತ್ರದ ನೆನಪಿನ ಮೇಲೆ, ರಿಸೆಟ್ ಆ ನೆನಪನ್ನೇ ಅಳಿಸುತ್ತಿತ್ತು. ನನ್ನ ಸ್ವಾತಂತ್ರ್ಯ ನಿಂತಿದ್ದದ್ದು ಅವರ ಯಂತ್ರ ಎಂದೂ ಎರಡು 1ಗಳನ್ನು ಒಟ್ಟಿಗೆ ಕಳುಹಿಸುವುದಿಲ್ಲ ಎಂಬುದರ ಮೇಲೆ. ನನ್ನ ಯಂತ್ರ ಯಾವಾಗ ರಿಸೆಟ್ ಆದರೂ ಆ ಮಾತು ಬದಲಾಗುವುದಿಲ್ಲ. ಅವರ ಯಂತ್ರವೇ ರಿಸೆಟ್ ಆದರೂ ಅದು ‘ಕಾಯು’ವಿನಲ್ಲಿ ಒಂದು ಸೈಕಲ್ ಇದ್ದೇ ಮುಂದೆ ಹೋಗಬೇಕು.

ಆ ಅಸರ್ಷನ್ ಸಾಲನ್ನು ಆ ವಾರವೇ 32 ಚಾನೆಲ್‌ಗಳಿಗೂ ಸೇರಿಸಿದೆವು. ಈಗ ಹೊಸ ಬ್ಲಾಕಿನಲ್ಲಿ ತಲುಪಬಹುದಾದ ಜೋಡಿಗಳನ್ನು ಲೆಕ್ಕ ಹಾಕುವಾಗ, ಒಂದೇ ಆರಂಭಸ್ಥಿತಿಯಿಂದ ಹೊರಡದೆ, ನೆರೆಯ ಯಂತ್ರದ ಪ್ರತಿಯೊಂದು ಸ್ಥಿತಿಯ ಜೊತೆಗೂ ನನ್ನ ರಿಸೆಟ್ ಸ್ಥಿತಿಯನ್ನು ಇಟ್ಟು ಅಲ್ಲಿಂದ ಹೊರಡುತ್ತೇನೆ.